ಜೀವದಯೆಯೂ ಜೀವಸಂಬಂಧವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಜೈನಧರ್ಮವೆಂದೊಡನೆ ಅಹಿಂಸೆ ನೆನಪಾಗುವುದು ಸಹಜ. ಆದರೆ ಕೊಲ್ಲದಿರುವುದೇ ಅಹಿಂಸೆಯೆಂದು ಬಗೆದರೆ ಅದರ ಅರ್ಧವನ್ನಷ್ಟೇ ಅರಿತಂತಾಗುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಲ್ಲಿ ಪರಸ್ಪರ ಉಪಕಾರವನ್ನು ಜೀವಿಗಳ ಕಾರ್ಯವೆಂದೇ ನಿರೂಪಿಸಿದ್ದಾರೆ. ಒಂದು ಜೀವದ ಬಾಳು ಮತ್ತೊಂದರ ಬಾಳನ್ನು ಆಶ್ರಯಿಸಿರುವುದರಿಂದ, ಆ ಸಂಬಂಧವನ್ನು ಕಾಯುವುದೂ ಅಹಿಂಸೆಯೇ.

ಶ್ರಾವಕರ ನಿತ್ಯಾಚಾರದಲ್ಲಿಯೇ ಇದಕ್ಕೆ ನಿದರ್ಶನವುಂಟು. ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸುವುದು ಎಲ್ಲರೂ ಬಲ್ಲ ವಿಷಯ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳ ಗತಿಯೇನು? ಅವುಗಳನ್ನು ನೆಲಕ್ಕೆ ಚೆಲ್ಲಬಾರದು. ಬೇರೊಂದು ಬಾವಿಗೂ ಬಿಡಬಾರದು. ಯಾವ ನೀರಿನಿಂದ ಬಂದವೋ ಆ ನೀರಿಗೇ ಅವುಗಳನ್ನು ಜೋಪಾನವಾಗಿ ಮರಳಿಸಬೇಕೆಂಬುದು ಹಿರಿಯರು ಪಾಲಿಸಿದ ವಿಧಿ. ಜೀವವನ್ನು ಉಳಿಸಿದರೆ ಸಾಲದು, ಅದರ ನೆಲೆಯನ್ನೂ ಉಳಿಸಬೇಕೆಂಬುದೇ ಇದರ ಮರ್ಮ. ಇಂದು ಜೀವವೈವಿಧ್ಯದ ರಕ್ಷಣೆಯೆಂದು ಕರೆಯುವುದರ ತಿರುಳೂ ಇದೇ.

ಈಗ ಬಹಳ ಮನೆಗಳಿಗೆ ನೀರು ಕೊಳಾಯಿಯಲ್ಲಿ ಬರುತ್ತದೆ. ಅದರ ಬಾಯಿಗೆ ಬಟ್ಟೆ ಕಟ್ಟಬಹುದು. ಸೋಸಿದ ಜೀವಿಗಳನ್ನು ಮರಳಿಸಲು ಅಲ್ಲಿ ದಾರಿಯಿಲ್ಲ. ಹಾಗೆಂದು ವಿಧಿ ಮುಗಿಯಿತೆ? ಇಲ್ಲ, ಅದರ ಹೊಣೆ ಹಿರಿದಾಯಿತು. ಆ ನೀರಿನ ಮೂಲವಾದ ಕೆರೆಗೆ, ಹೊಳೆಗೆ ಊರ ಕೊಳಚೆಯೂ ತೋಟಕ್ಕೆ ಸಿಂಪಡಿಸಿದ ವಿಷವೂ ಸೇರದಂತೆ ಕಾಯುವುದು ಇಂದಿನ ಶ್ರಾವಕನ ಕರ್ತವ್ಯ. ಕೊಡದ ನೀರನ್ನು ಸೋಸಿ, ಕೆರೆಯನ್ನೇ ಕೆಡಿಸಿದರೆ ವ್ರತ ಉಳಿಯುವುದೆಂತು? ನಿಷ್ಪ್ರಯೋಜಕವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಸಸ್ಯಗಳನ್ನು ಕಡಿಯುವುದು ಇವೆಲ್ಲವನ್ನೂ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದೊಳಗೆ ಸೇರಿಸಿದ್ದಾರೆ.

ಈ ಬಾಂಧವ್ಯ ಗ್ರಂಥಗಳಲ್ಲಿ ಮಾತ್ರ ಇರುವಂಥದಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ತೀರ್ಥಕ್ಷೇತ್ರವಲ್ಲ, ಬೇಸಾಯಗಾರರ ಊರು. ಅಲ್ಲಿನ ಹುಣಿಸೆ ಮೊದಲಾದ ಮರಗಳ ಮೇಲೆ, ಮನೆಗಳ ನಡುವೆಯೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಘೋಷಣೆಗೆ ಬಹುಕಾಲ ಮೊದಲೇ ಹಕ್ಕಿಗಳಿಗೆ ಅಭಯವಿತ್ತದ್ದು ಆ ಜನರ ನಂಟು.

ಬಸದಿಯಲ್ಲಿ ತೀರ್ಥಂಕರರ ಪೀಠವನ್ನು ನೋಡಿದವರಿಗೆ ಲಾಂಛನಗಳು ಕಾಣುತ್ತವೆ: ಮುನಿಸುವ್ರತರಿಗೆ ಕೂರ್ಮ, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ. ಶಿಲೆಯ ಕೂರ್ಮದ ಮುಂದೆ ತಲೆಬಾಗಿದವರು ಕೆರೆಯ ಆಮೆಗೆ ನೆಲೆಯಿಲ್ಲದಂತೆ ಮಾಡಬಹುದೆ? ಬಿಂಬಪ್ರತಿಷ್ಠೆಯೊಡನೆ ಬಸದಿಯ ಬಾವಿ ಹೂಳದಂತೆ, ಸುತ್ತಣ ಹಳೆಯ ಮರಗಳು ಉರುಳದಂತೆ, ಊರ ಕೆರೆ ಬತ್ತದಂತೆ ನೋಡಿಕೊಳ್ಳುವ ಸಂಕಲ್ಪವೂ ಆಗಲಿ. ಅಭಿಷೇಕದ ಜಲ ಪವಿತ್ರವಾಗಿರಬೇಕಾದರೆ ಅದು ಹುಟ್ಟುವ ನೆಲೆಯೂ ಜೀವಂತವಾಗಿರಬೇಕು.

ಸಕಲ ಜೀವಿಗಳಿಗೂ ಮಂಗಳವಾಗಲಿ.