ಜಿಗಿಯುವ ಮರಳು, ತಡೆಯುವ ಹುಲ್ಲು

ಜೋಯಿಡಾ ತಾಲ್ಲೂಕಿನ ಕುಂಬಾರವಾಡದ ಮಕ್ಕಳ ಮುಂದೆ ಮರಳುದಿಬ್ಬದ ಮಾತು ತೆಗೆದರೆ ಅವರಿಗೆ ವಿಚಿತ್ರ ಅನ್ನಿಸಬಹುದು. ಜೂನ್ ಬಂತೆಂದರೆ ಅಲ್ಲಿ ಮಳೆಗೆ ಬಿಡುವೇ ಇಲ್ಲ. ಗೋಡೆಗೂ ಪಾಚಿ, ಕಲ್ಲಿಗೂ ಪಾಚಿ. ಒಗೆದ ಬಟ್ಟೆ ಒಲೆಯ ಹತ್ತಿರ ಹರವದಿದ್ದರೆ ಒಣಗುವುದಿಲ್ಲ. ಇಂಥ ಊರಿಗೂ ಮರಳಿಗೂ ಏನು ಸಂಬಂಧ?

ಸಂಬಂಧ ಇದೆ ಮಕ್ಕಳೇ. ಅದು ಗಾಳಿಯ ಮೂಲಕ ಬಂದ ಸಂಬಂಧ.

ನಿಮ್ಮ ಮಳೆಯನ್ನು ಹೊತ್ತು ತರುವುದು ಅರಬ್ಬೀ ಸಮುದ್ರದ ಮೇಲಿಂದ ಬೀಸುವ ಮುಂಗಾರು ಗಾಳಿ. ಕಾರವಾರದಲ್ಲಿ ಅದು ನೆಲಕ್ಕೆ ಬರುತ್ತದೆ, ಅಣಶಿ ಘಟ್ಟದಲ್ಲಿ ಮೇಲಕ್ಕೆ ಏರುತ್ತದೆ. ಏರಿದಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನಲ್ಲಿರುವ ನೀರಾವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ಮಳೆ ಸುರಿಯುತ್ತದೆ. ಆಮೇಲೆ ಆ ಗಾಳಿ ಎಲ್ಲಿಗೆ ಹೋಗುತ್ತದೆ? ನಿಲ್ಲುವುದಂತೂ ಇಲ್ಲ. ಘಟ್ಟ ದಾಟಿ ಪೂರ್ವಕ್ಕೆ ಸಾಗುತ್ತದೆ. ಹಳಿಯಾಳ, ಧಾರವಾಡ, ಗದಗ ದಾಟುತ್ತ ಹೋದಂತೆ ಮಳೆ ಕಡಿಮೆಯಾಗುತ್ತದೆ, ಗಾಳಿ ಮಾತ್ರ ಜೋರಾಗಿಯೇ ಇರುತ್ತದೆ. ಶಾಲೆಯ ನಕ್ಷೆಯಲ್ಲಿ ಕುಂಬಾರವಾಡದಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆದು ನೋಡಿ. ಅದು ಬಳ್ಳಾರಿಯ ಹತ್ತಿರ ಹಾಯುತ್ತದೆ. ನಿಮ್ಮಲ್ಲಿ ನೀರು ಇಳಿಸಿ ಹಗುರಾದ ಗಾಳಿ ಅಲ್ಲಿಗೆ ತಲುಪುವಾಗ ಒಣಗಿರುತ್ತದೆ. ಇಂಥ ಪ್ರದೇಶಕ್ಕೆ ಮಳೆನೆರಳಿನ ನಾಡು ಎನ್ನುತ್ತಾರೆ.

ಬಳ್ಳಾರಿಯ ಹತ್ತಿರ ಹಗರಿ ಹೊಳೆ ಇದೆ. ವೇದಾವತಿ ಎಂದೂ ಅದಕ್ಕೆ ಹೆಸರು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯಲ್ಲಿ ಹುಟ್ಟಿ, ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬಿಸಿ, ಆಂಧ್ರದ ಅನಂತಪುರ ಜಿಲ್ಲೆಯನ್ನೂ ಹಾದು, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ನಿಮ್ಮ ಕಾಳಿ ನದಿಯ ಹಾಗೆ ಇದು ತುಂಬಿ ಹರಿಯುವುದಿಲ್ಲ. ವರ್ಷದ ಹೆಚ್ಚು ದಿನ ಅಗಲವಾದ ಒಣ ಮರಳಿನ ಪಾತ್ರವಾಗಿ ಬಿದ್ದಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಗಾಳಿ ಬೀಸಿದಾಗ ಈ ಮರಳು ಎದ್ದು ಪೂರ್ವದ ದಡ ಹತ್ತುತ್ತದೆ. ಬೊಮ್ಮನಹಾಳ, ಕಣೇಕಲ್ಲು ಸುತ್ತಿನ ಹಳ್ಳಿಗಳಲ್ಲಿ, ಮುಖ್ಯವಾಗಿ ದರ್ಗಾ ಹೊನ್ನೂರು, ಗೋವಿಂದವಾಡದ ಕಡೆ, ಹೊಲದ ಮೇಲೆ ಮರಳು ಕೂತು ದಿಬ್ಬಗಳಾಗಿವೆ. ಈ ಊರುಗಳಿರುವ, ಈಗ ಆಂಧ್ರಕ್ಕೆ ಸೇರಿದ ರಾಯದುರ್ಗ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಈಗಲೂ ಅಲ್ಲಿ ತೆಲುಗಿನ ಜೊತೆ ಕನ್ನಡ ಕೇಳಿಸುತ್ತದೆ. ಹೊಲದಲ್ಲಿ ಮೊಳಕೆ ಬಂದ ಪೈರಿನ ಮೇಲೆ ಮರಳು ಬಿದ್ದರೆ ರೈತ ಮತ್ತೆ ಬಿತ್ತಬೇಕು. ಮತ್ತೆ ಬಿದ್ದರೆ ಆ ವರ್ಷದ ಬೆಳೆಯೇ ಹೋಯಿತು. ನಿಮಗೆ ಗದ್ದೆ ನಾಟಿಯ ಖುಷಿ ತರುವ ಅದೇ ಗಾಳಿ ಅವರಿಗೆ ಈ ಕಷ್ಟ ತರುತ್ತದೆ.

ಈಗ ಮರಳು ಹೇಗೆ ನಡೆಯುತ್ತದೆ ಎಂದು ನೋಡೋಣ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು.

ಧೂಳು ತೀರ ಸಣ್ಣದು. ಒಮ್ಮೆ ಮೇಲೆದ್ದರೆ ಗಾಳಿಯಲ್ಲಿ ತೇಲುತ್ತ ನೂರಾರು ಕಿಲೋಮೀಟರ್ ಹೋಗಬಲ್ಲದು. ಜಲ್ಲಿಕಲ್ಲು ದೊಡ್ಡದು, ಗಾಳಿಗೆ ಅಲ್ಲಾಡುವುದೇ ಇಲ್ಲ. ಮರಳಿನ ಕಾಳು ಇವೆರಡರ ನಡುವಿನದು. ಅದು ತೇಲದು, ಸುಮ್ಮನೆ ಕೂರುವುದೂ ಇಲ್ಲ. ಅದು ಜಿಗಿಯುತ್ತದೆ! ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಒಣ ಮರಳಿನ ಕಾಳು ನೆಲ ಬಿಟ್ಟು ಮೇಲೇಳುತ್ತದೆ, ಗಾಳಿಯ ಜೊತೆ ಸ್ವಲ್ಪ ಮುಂದೆ ಸಾಗಿ ಕೆಳಗೆ ಬೀಳುತ್ತದೆ. ಗೋಲಿ ಆಟದಲ್ಲಿ ಒಂದು ಗೋಲಿ ಬಂದು ಬಡಿದಾಗ ಬೇರೆ ಗೋಲಿಗಳು ಸಿಡಿಯುತ್ತವಲ್ಲ, ಬಿದ್ದ ಕಾಳು ಅಲ್ಲಿದ್ದ ಕಾಳುಗಳನ್ನು ಹಾಗೆಯೇ ಸಿಡಿಸುತ್ತದೆ. ಅವೂ ಜಿಗಿಯುತ್ತವೆ, ಬಿದ್ದು ಇನ್ನಷ್ಟನ್ನು ಎಬ್ಬಿಸುತ್ತವೆ. ಹೀಗೆ ಇಡೀ ಬಯಲೇ ಹರಿಯತೊಡಗುತ್ತದೆ. ಇಷ್ಟೆಲ್ಲ ಗಲಾಟೆ ನಡೆಯುವುದು ನೆಲಕ್ಕೆ ತೀರ ಹತ್ತಿರದಲ್ಲಿ. ಹೆಚ್ಚಿನ ಮರಳು ನಿಮ್ಮ ಮೊಣಕಾಲಿನ ಎತ್ತರಕ್ಕಿಂತ ಮೇಲೆ ಏರುವುದೇ ಇಲ್ಲ.

ಇದನ್ನು ಅಳೆದು ನೋಡಿದವರು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯಲ್ಲಿ ಮೋಟಾರು ಕಾರು ಓಡಿಸುತ್ತ ಅಲೆದವರು ಅವರು. ಊರಿಗೆ ಮರಳಿದ ಮೇಲೆ ಗಾಳಿ ಊದುವ ಒಂದು ಸುರಂಗ ಕಟ್ಟಿ, ಅದರೊಳಗೆ ಮರಳು ಸುರಿದು ಪ್ರಯೋಗ ಮಾಡಿದರು. 1941ರಲ್ಲಿ ಅವರ ಪುಸ್ತಕ ಬಂತು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಹೊರುವ ಮರಳು ಎರಡು ಪಟ್ಟಷ್ಟೇ ಆಗುವುದಿಲ್ಲ, ಸುಮಾರು ಎಂಟು ಪಟ್ಟು ಆಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಈ ಲೆಕ್ಕವನ್ನು ತಿರುಗಿಸಿ ಓದಿ. ವೇಗ ಅರ್ಧಕ್ಕೆ ಇಳಿದರೆ ಮರಳು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ ಸ್ವಲ್ಪ ಇಳಿದರೆ ಕಾಳು ಜಿಗಿಯುವುದೇ ನಿಂತುಹೋಗುತ್ತದೆ.

ಅಂದರೆ ಮರಳು ನಿಲ್ಲಬೇಕಾದರೆ ಗಾಳಿಯನ್ನು ಪೂರ್ತಿ ತಡೆಯಬೇಕಾಗಿಲ್ಲ. ಮೊಣಕಾಲೆತ್ತರದ ಒಳಗೆ ಅದನ್ನು ನಿಧಾನ ಮಾಡಿದರೆ ಸಾಕು. ಅಷ್ಟು ಕೆಲಸಕ್ಕೆ ಹುಲ್ಲು ಸಾಕು.

ಬೇಕಿದ್ದರೆ ಮಾಡಿ ನೋಡಿ. ಮನೆ ಕಟ್ಟುವಲ್ಲಿಂದ ಎರಡು ಬೊಗಸೆ ಮರಳು ತಂದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಪರಾತದಲ್ಲಿ ಹರಡಿ. ರಟ್ಟಿನಿಂದ ಒಂದು ಬದಿಯಿಂದ ಬೀಸಿ. ಕಣ್ಣು ಜೋಪಾನ, ಎದುರು ಬದಿಯಲ್ಲಿ ಯಾರೂ ನಿಲ್ಲಬಾರದು. ಮರಳು ಒಂದು ಕಡೆ ಸರಿಯುವುದು ಕಾಣುತ್ತದೆ. ಈಗ ಹಿಡಿಸೂಡಿಯ ಕಡ್ಡಿಗಳನ್ನು ಬೆರಳುದ್ದ ಮುರಿದು ಮರಳಿನ ತುಂಬ ಅಲ್ಲಲ್ಲಿ ಚುಚ್ಚಿ, ಅಷ್ಟೇ ಜೋರಾಗಿ ಬೀಸಿ. ವ್ಯತ್ಯಾಸ ಗೊತ್ತಾಗುತ್ತದೆ. ಮೂರನೆಯ ಸಲ ಕಡ್ಡಿ ಕಿತ್ತು, ನಡುವೆ ಒಂದು ಸ್ಕೇಲನ್ನು ಅಡ್ಡ ಗೋಡೆಯಾಗಿ ನಿಲ್ಲಿಸಿ ಬೀಸಿ. ಗೋಡೆಯ ಮುಂದೆ ಮರಳು ಗುಡ್ಡೆ ಬೀಳುತ್ತದೆ, ಎರಡು ತುದಿಗಳಲ್ಲಿ ಗಾಳಿ ಸುಳಿದು ಗುಂಡಿ ಕೊರೆಯುತ್ತದೆ. ನಿಜವಾದ ಬಯಲಿನಲ್ಲೂ ಹೀಗೆಯೇ ಆಗುತ್ತದೆ. ಕಲ್ಲಿನ ಗೋಡೆ ಕಟ್ಟಿದರೆ ಮರಳು ಅದರ ಬುಡದಲ್ಲಿ ಸೇರಿ ಸೇರಿ ಕೊನೆಗೆ ಗೋಡೆಯನ್ನೇ ಹತ್ತಿ ದಾಟುತ್ತದೆ. ಸಂದಿಗಳಿರುವ ಬೇಲಿ, ಚದುರಿ ಬೆಳೆದ ಪೊದೆ, ಹುಲ್ಲಿನ ಬುಡ ಇವು ಗಾಳಿಯನ್ನು ಒಳಗೆ ಬಿಟ್ಟುಕೊಂಡು ಅದರ ಜೋರನ್ನು ಸೋಸಿ ಕಳಿಸುತ್ತವೆ.

ಹಾಗಾದರೆ ದಿಬ್ಬದ ಮೇಲೆ ಹುಲ್ಲಿನ ಬೀಜ ಎರಚಿದರೆ ಮುಗಿಯಿತಲ್ಲ ಎಂದು ಕೇಳುತ್ತೀರಿ. ಅಲ್ಲೇ ತೊಡಕಿರುವುದು. ಓಡುವ ಮರಳಿನಲ್ಲಿ ಬೀಜ ನಿಲ್ಲುವುದಿಲ್ಲ. ಇವತ್ತು ಬಿತ್ತಿದ್ದು ನಾಳೆ ಹೂತುಹೋಗುತ್ತದೆ, ಇಲ್ಲವೇ ಬೇರು ಬಯಲಾಗಿ ಸಾಯುತ್ತದೆ. ಗಿಡ ಬಂದರೆ ಮರಳು ನಿಲ್ಲುತ್ತದೆ, ಮರಳು ನಿಂತರೆ ಗಿಡ ಬರುತ್ತದೆ. ಯಾವುದು ಮೊದಲು?

ಚೀನಾದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕಂಡುಕೊಂಡರು. ಟೆಂಗರ್ ಮರುಭೂಮಿಯ ಅಂಚಿನಲ್ಲಿ ಶಾಪೊಟೌ ಎಂಬ ಜಾಗ ಇದೆ. 1958ರಲ್ಲಿ ಓಡಾಟ ಶುರುವಾದ ಬಾವೊಟೌ–ಲಾಂಝೌ ರೈಲುಹಳಿ ಅಲ್ಲಿಯ ದೊಡ್ಡ ದೊಡ್ಡ ಮರಳುದಿಬ್ಬಗಳ ನಡುವೆ ಹೋಗುತ್ತದೆ. ಹಳಿಯ ಮೇಲೆ ಮರಳು ಬೀಳದಂತೆ ಏನು ಮಾಡಬೇಕು? ಗೋಧಿಯ ಒಣಹುಲ್ಲನ್ನು ಸಾಲಾಗಿ ಹಾಸಿ, ಸನಿಕೆಯಿಂದ ಮರಳಿನೊಳಗೆ ಒತ್ತಿ, ಎರಡೂ ತುದಿ ಒಂದು ಗೇಣಿನಷ್ಟು ಮೇಲೆ ನಿಲ್ಲುವಂತೆ ಮಾಡಿದರು. ಉದ್ದಕ್ಕೂ ಅಡ್ಡಕ್ಕೂ ಹೀಗೆ ಸಾಲು ಹಾಕಿದಾಗ ಇಡೀ ದಿಬ್ಬದ ಮೇಲೆ ಒಂದೊಂದು ಮೀಟರಿನ ಚೌಕಗಳು ಮೂಡಿದವು. ಚೌಕದೊಳಗೆ ಗಾಳಿ ನಿಧಾನವಾಯಿತು, ಮರಳು ಕೂತಿತು. ಆ ಸತ್ತ ಹುಲ್ಲು ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಅಷ್ಟರೊಳಗೆ ಚೌಕಗಳಲ್ಲಿ ನೆಟ್ಟ ಒಣನೆಲದ ಪೊದೆಗಳು ಬೇರು ಬಿಟ್ಟಿರುತ್ತವೆ. ಆಮೇಲೆ ಮರಳಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬೆಳೆದು, ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ತೆಳ್ಳನೆಯ ಪದರ ಕಟ್ಟುತ್ತವೆ. ನಿಮ್ಮೂರ ಗೋಡೆಯ ಪಾಚಿಯ ನೆಂಟರು ಅವು! ಶಾಪೊಟೌದಲ್ಲಿ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರ್ ಕೂಡ ಇಲ್ಲ. ಜೋಯಿಡಾದ ಕಾಡಿನಲ್ಲಿ ಮಳೆ ಹಿಡಿದರೆ ಒಂದೆರಡು ದಿನದಲ್ಲಿ ಅಷ್ಟು ಸುರಿಯುತ್ತದೆ. ಅಷ್ಟು ಕಡಿಮೆ ನೀರಿನಲ್ಲೂ ಅಲ್ಲಿ ಹಸಿರು ನಿಂತಿದೆ, ರೈಲು ಓಡುತ್ತಿದೆ.

ನಮ್ಮ ರಾಜಸ್ಥಾನದ ಥಾರ್‌ನಲ್ಲೂ ಇದೇ ಬಗೆಯ ಕೆಲಸ ನಡೆದಿದೆ. ಜೋಧಪುರದಲ್ಲಿ 1952ರಲ್ಲಿ ಮರುಭೂಮಿಯಲ್ಲಿ ಕಾಡು ಬೆಳೆಸುವ ಒಂದು ಕೇಂದ್ರ ಶುರುವಾಯಿತು. 1959ರಿಂದ ಅದು ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆ. ಅಲ್ಲಿಯವರು ಸುತ್ತಮುತ್ತ ಸಿಗುವ ಮುಳ್ಳುಪೊದೆಯ ಟೊಂಗೆಗಳನ್ನೇ ದಿಬ್ಬದ ಮೇಲೆ ಸಾಲಾಗಿ ಹೂಳುತ್ತಾರೆ. ಮಳೆ ಬಿದ್ದೊಡನೆ ಸಾಲುಗಳ ನಡುವೆ ಸೇವಣ್ ಹುಲ್ಲು ಬಿತ್ತಿ, ಸಸಿ ನೆಡುತ್ತಾರೆ. ಸೇವಣ್ ಅಲ್ಲಿಯ ನೆಲದ್ದೇ ಹುಲ್ಲು, ದನಗಳಿಗೆ ಅಚ್ಚುಮೆಚ್ಚು. ಬೀಜ ಬಿತ್ತುವುದಕ್ಕಿಂತ ಮೊದಲು ಮಾಡುವ ಕೆಲಸ ಇನ್ನೊಂದಿದೆ, ಬೇಲಿ ಹಾಕುವುದು. ಎಳೆ ಹುಲ್ಲಿಗೆ ಆಡು, ಕುರಿ ಬಾಯಿ ಹಾಕಿದರೆ ಅಷ್ಟೂ ಶ್ರಮ ವ್ಯರ್ಥ. ಹುಲ್ಲುಗಾವಲು ಮರಳಾಗುವುದೂ ಹಲವು ಕಡೆ ಹೀಗೆಯೇ ಶುರುವಾಗುತ್ತದೆ. ನೆಲ ತಾಳುವುದಕ್ಕಿಂತ ಹೆಚ್ಚು ದನಕರು ಮೇಯುತ್ತವೆ, ಇಲ್ಲವೇ ಹುಲ್ಲು ಕಿತ್ತು ಉಳುತ್ತಾರೆ, ಬರಗಾಲ ಬರುತ್ತದೆ. ಹುಲ್ಲಿನ ಬುಡ ಹೋದ ಜಾಗದಲ್ಲಿ ಗಾಳಿ ಸಣ್ಣಗೆ ಗೀರತೊಡಗುತ್ತದೆ. ಹಗುರವಾದ, ಸಾರವುಳ್ಳ ಮಣ್ಣು ಮೊದಲು ಹಾರಿಹೋಗುತ್ತದೆ. ಒರಟು ಮರಳು ಹಿಂದೆ ಉಳಿಯುತ್ತದೆ.

ಕರ್ನಾಟಕದಲ್ಲಿ ಮರಳು ಎಂದರೆ ದೊಡ್ಡವರಿಗೆ ಮೊದಲು ನೆನಪಾಗುವುದು ಕಾವೇರಿ ದಡದ ತಲಕಾಡು. ಗುಡಿಗಳೇ ಮರಳಿನಲ್ಲಿ ಹೂತುಹೋದ ಊರು ಅದು. ಅಲಮೇಲಮ್ಮ ಎಂಬಾಕೆಯ ಶಾಪದಿಂದ ಹಾಗಾಯಿತೆಂಬ ಕಥೆ ನಿಮ್ಮ ಅಜ್ಜಿಗೂ ಗೊತ್ತಿರಬಹುದು. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಅವರು, ನದಿಯ ಮೇಲ್ಭಾಗದಲ್ಲಿ ಹಿಂದೆ ಕಟ್ಟಿದ ಅಣೆಕಟ್ಟಿನಿಂದ ನೀರು ಕಡಿಮೆಯಾಗಿ, ಬಯಲಾದ ಮರಳನ್ನು ಗಾಳಿ ಊರಿಗೆ ಹೊತ್ತಿತು ಎಂದು ವಿವರಿಸಿದ್ದಾರೆ. ಹಗರಿಯ ದಡದಲ್ಲಿ ನಡೆಯುವುದನ್ನು ನೋಡಿದರೆ ಈ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಇವತ್ತು ತಲಕಾಡಿಗೆ ಹೋದರೆ ಮರಳಿನ ಮೇಲೆ ನೀಲಗಿರಿ ಮರಗಳ ತೋಪಿನಲ್ಲಿ ನಡೆದು ಗುಡಿಗಳನ್ನು ಸೇರಬೇಕು. ಆ ಮರಗಳನ್ನು ನೆಟ್ಟಿದ್ದು ಮರಳನ್ನು ಹಿಡಿಯಲೆಂದೇ.

ನಿಮಗೆ ತಲಕಾಡು ದೂರ, ಬಳ್ಳಾರಿಯೂ ದೂರ. ಕಾರವಾರ ಹಾಗಲ್ಲ, ಘಟ್ಟ ಇಳಿದರೆ ಬಂತು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ಅಲ್ಲೇ ಸಮುದ್ರ ಸೇರುತ್ತದೆ. ಅಲ್ಲಿಯ ದಂಡೆಯಲ್ಲಿ, ಅಲೆ ತಲುಪುವ ಗೆರೆಗಿಂತ ಸ್ವಲ್ಪ ಮೇಲೆ ಮರಳಿನ ಸಣ್ಣ ಏರಿಗಳಿರುತ್ತವೆ. ಅವನ್ನು ಹಿಡಿದಿರುವ ಗಿಡಗಳಲ್ಲಿ ಒಂದು ಅಡುಂಬು ಬಳ್ಳಿ. ತುದಿ ಸೀಳಿದ ದಪ್ಪ ಎಲೆ, ನೇರಳೆ ಬಣ್ಣದ ಹೂವು. ಮರಳು ಅದನ್ನು ಮುಚ್ಚಿದರೆ ಅದಕ್ಕೆ ಲಾಭವೇ. ಬಳ್ಳಿಯ ಪ್ರತಿ ಗಿಣ್ಣಿನಲ್ಲೂ ಹೊಸ ಬೇರು ಇಳಿಯುತ್ತದೆ, ತುದಿ ಮತ್ತೆ ಮೇಲೆ ಬರುತ್ತದೆ. ಇನ್ನೊಂದು, ಚೂಪು ಎಲೆಗಳ ಒಂದು ಒರಟು ಹುಲ್ಲು. ತಮಿಳು ಕರಾವಳಿಯವರು ಅದನ್ನು ರಾವಣನ ಮೀಸೆ ಎಂದು ಕರೆಯುತ್ತಾರೆ. ಅದರ ಬೀಜದ ಗೊಂಚಲು ಮುಳ್ಳಿನ ಚೆಂಡಿನ ಹಾಗೆ ಗಾಳಿಗೆ ಉರುಳುತ್ತ ದಂಡೆಯುದ್ದಕ್ಕೂ ಬೀಜ ಹಂಚುತ್ತದೆ.

ಕಾರವಾರದ ದಂಡೆಯಲ್ಲಿ ನಿಮಗೆ ದೂರದಿಂದಲೇ ಕಾಣುವುದು ಮಾತ್ರ ಗಾಳಿಮರದ ಸಾಲು. ಅದು ನಮ್ಮ ನಾಡಿನ ಮರವಲ್ಲ. ಉರುವಲಿಗೆಂದು 1868ರ ಹೊತ್ತಿಗೆ ಈ ಕಾರವಾರ ಸೀಮೆಗೇ ಮೊದಲು ತಂದು ನೆಟ್ಟರು. ಉಪ್ಪುಗಾಳಿಗೆ ಬಗ್ಗುವುದಿಲ್ಲ, ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿ ಪಡೆಯುತ್ತದೆ. ಹಿಂದಿರುವ ಮನೆ, ತೋಟಗಳಿಗೆ ಅದು ಒಳ್ಳೆಯ ಮರೆ. ಆದರೆ ಅದನ್ನು ಅಲೆಯ ಅಂಚಿನವರೆಗೂ ನೆಡುವುದು ನನಗೆ ಸರಿ ಕಾಣುವುದಿಲ್ಲ. ಅದರ ಬುಡದಲ್ಲಿ ಉದುರಿದ ಕಡ್ಡಿಗಳ ದಪ್ಪ ಹಾಸು ಬಿದ್ದು ಅಡುಂಬು ಬಳ್ಳಿಗೆ ಜಾಗ ಉಳಿಯುವುದಿಲ್ಲ. ಮೊಟ್ಟೆಯಿಡಲು ಈ ಕರಾವಳಿಗೆ ಬರುವ ಕಡಲಾಮೆಗೂ ಬೇರುಗಳ ನಡುವೆ ಗುಂಡಿ ತೋಡುವುದು ಕಷ್ಟ. ಕಡಲಾಮೆಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮೊಟ್ಟೆ ಹೂತ ಮರಳಿನ ಬಿಸಿಯನ್ನು ಅವಲಂಬಿಸಿದೆ. ಮರದ ನೆರಳು ಬಿದ್ದರೆ ಆ ಬಿಸಿಯೂ ಬದಲಾಗುತ್ತದೆ.

ಮುಂದಿನ ಸಲ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋದಾಗ ಎರಡು ಜಾಗದಲ್ಲಿ ಕೂತು ನೋಡಿ. ಒಂದು ಗಾಳಿಮರದ ಕೆಳಗೆ, ಇನ್ನೊಂದು ಅಡುಂಬು ಬಳ್ಳಿ ಹಬ್ಬಿದಲ್ಲಿ. ಎರಡೂ ಕಡೆ ಒಂದೊಂದು ಮೀಟರಿನ ಚೌಕ ಗೀಚಿ, ಅದರೊಳಗೆ ಎಷ್ಟು ಬಗೆಯ ಗಿಡ, ಹುಳ, ಏಡಿಯ ಬಿಲ ಇವೆ ಎಂದು ಎಣಿಸಿ ಬರೆದುಕೊಳ್ಳಿ. ಬಳ್ಳಿಯನ್ನು ಕೀಳಬೇಡಿ. ಒಂದು ಗಿಣ್ಣಿನ ಪಕ್ಕದ ಮರಳನ್ನು ಬೆರಳಿನಿಂದ ಸರಿಸಿದರೆ ಕೆಳಗೆ ಇಳಿದ ಬೇರು ಕಾಣುತ್ತದೆ. ನೋಡಿದ ಮೇಲೆ ಮರಳನ್ನು ಮತ್ತೆ ಮುಚ್ಚಿ.