ಗದ್ದಲದ ನಡುವೆ ಸುದ್ದಿ ಮುಟ್ಟಿಸುವ ವಿದ್ಯೆ

(ಪುಣೆಯಲ್ಲಿ ನಮ್ಮ ಸಂಘದ ಭಾನುವಾರದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಆರಿಸಿದವರು ನಮ್ಮ ಕಿರಿಯ ಸದಸ್ಯರು. ಸೈನ್ಯದ ರೇಡಿಯೋದಲ್ಲಿ ಮಾತಿಗೆ ಬದಲಾಗಿ ಅಂಕಿಗಳನ್ನು ಕಳಿಸುತ್ತಾರಂತೆ, ನಡುವೆ ಮೋಡೆಮ್ ಎಂಬ ಪೆಟ್ಟಿಗೆ ಇರುತ್ತದಂತೆ, ಅದೇನು ಎಂದು ಕೇಳಿದರು. ಕೇಳಿದವರಲ್ಲಿ ಒಬ್ಬರ ತಮ್ಮ ಸೈನ್ಯದ ಸಿಗ್ನಲ್ ದಳದಲ್ಲಿದ್ದಾನೆ. ಬೆಟ್ಟದ ಮೇಲಿನ ಠಾಣ್ಯ. ಏಳನೆಯ ಇಯತ್ತೆ ದಾಟದ ನಮ್ಮಂಥವರಿಗೆ ಇದೆಲ್ಲ ಏಕೆ ಎಂದು ಕೆಲವರಿಗೆ ತೋರಬಹುದು. ಆದರೆ ಮನೆಯ ಹುಡುಗನ ಜೀವ ಯಾವುದನ್ನು ನಂಬಿಕೊಂಡಿದೆಯೋ ಅದನ್ನು ತಿಳಿಯುವ ಹಕ್ಕು ನಮಗಿದೆ. ವಿಷಯವೂ ತಾವೆಣಿಸಿದಷ್ಟು ಕಠಿಣವಲ್ಲ.

ಹೋಟೆಲಿನಲ್ಲಿ ದುಡಿದವರಿಗೆ ಗದ್ದಲವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ, ಗಿರಾಕಿಗಳು ಬಾಗಿಲಲ್ಲಿ ಕಾದು ನಿಂತಿದ್ದಾರೆ. ಮಾಣಿ ಒಳಕ್ಕೆ ಮುಖ ಮಾಡಿ 'ಎರಡು ಮಸಾಲೆ, ಒಂದು ಸೆಟ್, ಮೂರು ಕಾಫಿ' ಎಂದು ಕೂಗುತ್ತಾನೆ. ಭಟ್ಟರ ಕಿವಿಗೆ ಬೀಳುವುದು ಅರ್ಧ; ಉಳಿದರ್ಧವನ್ನು ಅವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. 'ಮಸಾ' ಎಂದು ಕೇಳಿದರೆ ಮಸಾಲೆ ದೋಸೆಯೇ ಸರಿ. ಆದರೆ ಅಂಕಿ ಬಂದಲ್ಲಿ ಈ ಊಹೆ ನಡೆಯುವುದಿಲ್ಲ. ಮರಾಠಿಯಲ್ಲಿ 'ಏಕೋಣಸಾಠ' ಎಂದರೆ 59, 'ಏಕೋಣಸತ್ತರ' ಎಂದರೆ 69. ಗಲ್ಲಾದಲ್ಲಿ ಕುಳಿತವರಿಗೆ ಕೊನೆಯ ಅಕ್ಷರಗಳು ಕೇಳಿಸದಿದ್ದರೆ ಆ ಹತ್ತು ರೂಪಾಯಿ ಯಾರ ಲೆಕ್ಕಕ್ಕೆ ಬೀಳುತ್ತದೆಂಬುದನ್ನು ತಾವೆಲ್ಲರೂ ಬಲ್ಲಿರಿ. ಬೆಟ್ಟದ ಮೇಲಿನ ಸಿಪಾಯಿ, ಗಾಯಾಳು ಇಂಥ ಜಾಗದಲ್ಲಿದ್ದಾನೆ ಎಂದು ನಕ್ಷೆಯ ಅಂಕಿಗಳನ್ನು ಹೇಳುವಾಗ ಒಂದು ಅಂಕಿ ತಪ್ಪಿದರೆ ಹೋಗುವುದು ಹತ್ತು ರೂಪಾಯಿಯಲ್ಲ.

ನಮ್ಮ ಈ ಊರಿಗೂ ಈ ವಿದ್ಯೆಗೂ ಹಳೆಯ ನಂಟಿದೆ. 1910ರವರೆಗೆ ಸೈನ್ಯದಲ್ಲಿ ಸುದ್ದಿ ಸಾಗಿಸುವ ಕೆಲಸ ಸ್ಯಾಪರ್ಸ್ ಮತ್ತು ಮೈನರ್ಸ್ ದಳಗಳದಾಗಿತ್ತು. ಅವುಗಳಲ್ಲಿ ಮುಂಬಯಿ ದಳದ ನೆಲೆ ನಮ್ಮ ಖಡ್ಕಿ. ಇಂದಿಗೂ ಅಲ್ಲಿಯೇ ಇದೆ. 1911ರ ಫೆಬ್ರವರಿ 15ರಂದು ಸಿಗ್ನಲ್ ದಳ ಬೇರೆಯಾಗಿ ಹುಟ್ಟಿತು. ಅದಾದ ಮೇಲೆ 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ನರು ಇಂಗ್ಲೆಂಡಿಗೆ ನೇರ ರೇಡಿಯೋ ತಾರು ವ್ಯವಸ್ಥೆಯನ್ನು ಆರಂಭಿಸಿದರು. ಅದರ ಕಳಿಸುವ ಠಾಣ್ಯ ಖಡ್ಕಿಯಲ್ಲಿ, ಪಡೆಯುವ ಠಾಣ್ಯ ದೌಂಡಿನಲ್ಲಿ, ನಡುವೆ ಸುಮಾರು 75 ಕಿಲೋಮೀಟರ್. ಒಂದೇ ಕಡೆ ಕಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದರೆ ಆಗುತ್ತಿರಲಿಲ್ಲ. ತಾನೇ ಗಂಟಲು ಹರಿಯುವಂತೆ ಕೂಗುತ್ತಿರುವವನಿಗೆ ಸಮುದ್ರದಾಚೆಯ ಪಿಸುಮಾತು ಹೇಗೆ ಕೇಳಿಸೀತು?

ಅಲ್ಲಿ ಹೋಗುತ್ತಿದ್ದುದು ಮಾತಲ್ಲ, ಚುಕ್ಕೆ ಮತ್ತು ಗೆರೆ. ಇಂದು 'ಡಿಜಿಟಲ್' ಎಂದು ದೊಡ್ಡ ಹೆಸರಿನಿಂದ ಕರೆಯುತ್ತಾರಲ್ಲ, ಅದರ ಅಜ್ಜ ಇದೇ. ಇದೆ ಅಥವಾ ಇಲ್ಲ, ಎರಡೇ ಗುರುತುಗಳಲ್ಲಿ ಎಲ್ಲವನ್ನೂ ಹೇಳುವುದು. ಇಂದಿನ ಯಂತ್ರ ಅವನ್ನು ಒಂದು ಮತ್ತು ಸೊನ್ನೆ ಎನ್ನುತ್ತದೆ.

ಇನ್ನು ಮೋಡೆಮ್. ಸೈನ್ಯದ ರೇಡಿಯೋ ಮಾಡಿರುವುದು ಮನುಷ್ಯನ ದನಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3000 ಕಂಪನಗಳಿರುವ ಸದ್ದು ಮಾತ್ರ ಅದರ ಬಾಗಿಲಲ್ಲಿ ಹಾಯುತ್ತದೆ. ಸೊನ್ನೆ ಮತ್ತು ಒಂದನ್ನು ಹಾಗೆಯೇ ತುರುಕಿದರೆ ಅದು ಒಳಗೆ ಬಿಡುವುದಿಲ್ಲ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಆತ ಅಂಕಿಯನ್ನು ಸ್ವರವಾಗಿಸುತ್ತಾನೆ, ಆಚೆಯವನು ಸ್ವರವನ್ನು ಮತ್ತೆ ಅಂಕಿಯಾಗಿಸುತ್ತಾನೆ. ಹಳೆಯ ಕ್ರಮದಲ್ಲಿ ಒಂದಕ್ಕೆ ಒಂದು ಸ್ವರ, ಸೊನ್ನೆಗೆ ಇನ್ನೊಂದು ಸ್ವರ. ದೊಡ್ಡ ಪ್ರಮಾಣದಲ್ಲಿ ಮೋಡೆಮ್ ಮೊದಲು ಬಳಕೆಗೆ ಬಂದದ್ದೂ ಸೈನ್ಯಕ್ಕಾಗಿಯೇ. 1958ರ ಹೊತ್ತಿಗೆ ಅಮೆರಿಕದ ವಾಯುರಕ್ಷಣೆಯ ಜಾಲದಲ್ಲಿ, ಟೆಲಿಫೋನ್ ತಂತಿಗಳ ಮೇಲೆ.

ತಂತಿಯ ಮೇಲೆ ಕಳಿಸುವುದು ಸುಲಭ, ಆಕಾಶದಲ್ಲಿ ಕಳಿಸುವುದು ಕಷ್ಟ. ದೂರ ಹೋಗಬೇಕಾದ ಕಿರುತರಂಗಗಳು ಮೇಲಿನ ವಿದ್ಯುತ್ ಪದರಕ್ಕೆ ತಾಗಿ ಕೆಳಗೆ ಬರುತ್ತವೆ. ಒಂದೇ ಸದ್ದು ಎರಡು ಮೂರು ದಾರಿಗಳಲ್ಲಿ ಬಂದು ಒಂದರ ಮೇಲೊಂದು ಬೀಳುತ್ತದೆ. ಜೊತೆಗೆ ಮಿಂಚು, ಜೊತೆಗೆ ಶತ್ರುವಿನ ಅಡ್ಡಿ. ಕೆಲವು ಕ್ಷಣ ಸುದ್ದಿ ಪೂರ್ತಿ ಮುಳುಗಿಯೇ ಹೋಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವನ್ನು ಓದಿದಾಗ ನಮಗೆ ನಿಜವಾಗಿಯೂ ಸಂತೋಷವಾಯಿತು, ಏಕೆಂದರೆ ಅದು ತಟ್ಟೆ ಹೊರುವವರ ಬುದ್ಧಿ. ಹನ್ನೆರಡು ಕಪ್ಪುಗಳ ಒಂದು ಟ್ರೇ ಜಾರಿ ಬಿತ್ತೆನ್ನಿ. ಹನ್ನೆರಡೂ ಒಂದೇ ಮೇಜಿನವಾದರೆ ಆ ಮೇಜಿಗೆ ಏನೂ ಉಳಿಯಲಿಲ್ಲ. ಹನ್ನೆರಡು ಮೇಜುಗಳ ಕಪ್ಪುಗಳನ್ನು ಒಂದೊಂದರಂತೆ ಬೇರೆ ಬೇರೆ ಟ್ರೇಗಳಲ್ಲಿ ಹಂಚಿಟ್ಟಿದ್ದರೆ ಪ್ರತಿ ಮೇಜಿಗೆ ಒಂದೇ ಕಪ್ಪು ಕಡಿಮೆ. ಮೊದಲೇ ಪ್ರತಿ ಮೇಜಿಗೂ ಒಂದೆರಡು ಹೆಚ್ಚು ಕಪ್ಪು ಕಳಿಸಿದ್ದರೆ ಗಿರಾಕಿಗೆ ನಷ್ಟವಾದದ್ದೇ ತಿಳಿಯುವುದಿಲ್ಲ. ಮೋಡೆಮ್ ಮಾಡುವುದು ಇಷ್ಟೇ. ಸುದ್ದಿಯ ಜೊತೆಗೆ ಲೆಕ್ಕಾಚಾರದಿಂದ ತೆಗೆದ ಹೆಚ್ಚಿನ ಅಂಕಿಗಳನ್ನು ಸೇರಿಸಿ, ಎಲ್ಲವನ್ನೂ ಕಲಸಿ ಹಂಚಿ ಕಳಿಸುತ್ತದೆ. ಆಚೆಯದು ಬಿಡಿಸಿ ಜೋಡಿಸಿ, ಹೋದದ್ದನ್ನು ಲೆಕ್ಕದಿಂದಲೇ ಮತ್ತೆ ಪಡೆಯುತ್ತದೆ. ಅಮೆರಿಕದ ಸೈನ್ಯ 1991ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಈ ಕಲಸುವಿಕೆಗೆ ಎರಡು ಅಳತೆಗಳಿವೆ, 0.6 ಸೆಕೆಂಡು ಮತ್ತು 4.8 ಸೆಕೆಂಡು. ಆಕಾಶ ಕೆಟ್ಟಿದ್ದಷ್ಟೂ ದೊಡ್ಡದನ್ನು ಹಾಕಿಕೊಂಡು ತಾಳ್ಮೆಯಿಂದ ಕಾಯಬೇಕು. ವೇಗವೂ ಹಾಗೆಯೇ: ಒಳ್ಳೆಯ ಹವೆಯಲ್ಲಿ ಸೆಕೆಂಡಿಗೆ 2400 ಸೊನ್ನೆ-ಒಂದುಗಳು, ತೀರ ಕೆಟ್ಟಲ್ಲಿ 75. ನಮ್ಮ ಕೈಯ ಮೊಬೈಲು ಸೆಕೆಂಡಿಗೆ ಕೋಟಿಗಟ್ಟಲೆ ಸಾಗಿಸುವಾಗ 75 ಎಂದರೆ ನಗೆ ಬಂದೀತು. ಆದರೆ ಮೊಬೈಲಿಗೆ ಹತ್ತಿರದಲ್ಲೇ ಗೋಪುರ ಬೇಕು, ಬೆಟ್ಟದ ಮೇಲೆ ಅದಿಲ್ಲ.

ಕೇಳಿಸದಿದ್ದರೆ ಮತ್ತೊಮ್ಮೆ ಹೇಳು ಎಂದು ಕೇಳಬಾರದೇ ಎಂದು ಒಬ್ಬರು ಪ್ರಶ್ನಿಸಿದ್ದರು. ಕೇಳಬಹುದು, ಎರಡೂ ಕಡೆ ಉತ್ತರಿಸುವ ಸ್ಥಿತಿಯಲ್ಲಿದ್ದಾಗ ಯಂತ್ರವೇ ಕೇಳುತ್ತದೆ. ಮುಟ್ಟಿತೋ ಇಲ್ಲವೋ ಎಂದು ರಸೀದಿ ಕಳಿಸುತ್ತದೆ, ಮುಟ್ಟದ ತುಂಡನ್ನಷ್ಟೇ ಮರಳಿ ಬೇಡುತ್ತದೆ. ಬೈಗಳಿಲ್ಲ, ಸಿಡುಕಿಲ್ಲ. (ಎಷ್ಟೋ ಅಡಿಗೆಮನೆಗಳಲ್ಲಿ ಎರಡನೆಯ ಸಲ ಕೇಳಿದ ಹುಡುಗನಿಗೆ 'ಕಿವುಡ' ಎಂಬ ಬಿರುದು ಸಿಗುತ್ತದೆ; ಅದಕ್ಕೆ ಹೆದರಿ ಅವನು ಊಹಿಸುತ್ತಾನೆ, ಊಹೆ ತಪ್ಪುತ್ತದೆ.) ಆದರೆ ರಣರಂಗದಲ್ಲಿ ಉತ್ತರಿಸುವುದೇ ಅಪಾಯವಾಗುವ ಹೊತ್ತುಂಟು. ರೇಡಿಯೋ ದನಿ ಎತ್ತಿದೊಡನೆ ಅದು ಯಾವ ದಿಕ್ಕಿನಿಂದ ಬಂತೆಂದು ಶತ್ರು ಅಳೆಯುತ್ತಾನೆ. ಆದ್ದರಿಂದ ಪಡೆಯುವವನು ಬಾಯಿ ಮುಚ್ಚಿಕೊಂಡೇ ಪೂರ್ತಿ ಪಡೆಯಬೇಕು. ಆ ಹೆಚ್ಚಿನ ಕಪ್ಪುಗಳು ಬೇಕಾಗುವುದು ಅಲ್ಲಿ. ಕಳಿಸುವವನೂ ಒಂದೆರಡು ನಿಮಿಷ ಬಾಯಿಂದ ಹೇಳುವುದನ್ನು ಮೊದಲೇ ಬೆರಳಚ್ಚು ಮಾಡಿ, ಗೂಢಲಿಪಿಗೆ ತಿರುಗಿಸಿ, ಕೆಲವೇ ಸೆಕೆಂಡುಗಳಲ್ಲಿ ಕಳಿಸಿ ಸುಮ್ಮನಾಗುತ್ತಾನೆ. ಬ್ಯಾಟರಿಯೂ ಉಳಿಯುತ್ತದೆ, ಪ್ರಾಣವೂ ಉಳಿಯಬಹುದು.

ಹಾಗಾದರೆ ಮಾತು ಬೇಡವೇ? ಇದು ನಮ್ಮ ಸ್ವಂತ ಅಭಿಪ್ರಾಯ: ಬೇಕೇ ಬೇಕು. ಹವೆ ಕೆಡುತ್ತ ಬಂದಂತೆ ಮಾತು ಮೆಲ್ಲಗೆ ಮಸುಕಾಗುತ್ತದೆ, ಕೇಳುವವನಿಗೆ ಎಚ್ಚರವಾಗುತ್ತದೆ. ಡಿಜಿಟಲ್ ಸುದ್ದಿ ಹಾಗಲ್ಲ. ಒಂದು ಮಿತಿಯವರೆಗೆ ಕನ್ನಡಿಯಂತೆ ಸ್ವಚ್ಛ, ಮಿತಿ ದಾಟಿದೊಡನೆ ಪೂರ್ತಿ ಇಲ್ಲ. ಗಾಯಗೊಂಡವನ ದನಿಯಲ್ಲಿರುವ ನಡುಕವನ್ನು ಸೊನ್ನೆ-ಒಂದುಗಳ ಸುದ್ದಿ ತಿಳಿಸುವುದಿಲ್ಲ. ಯಂತ್ರ 'ಮುಟ್ಟಿತು' ಎಂದು ರಸೀದಿ ಕೊಟ್ಟರೂ ಅದನ್ನು ಓದುವ ಮನುಷ್ಯ ಎಚ್ಚರವಾಗಿರಬೇಕು. ಪುಣೆಯವರಿಗೆ 1961ರ ಜುಲೈ 12 ಮರೆಯುವ ದಿನವಲ್ಲ. ಪಾನ್‌ಶೇತ್ ಕಟ್ಟೆ ಕುಸಿಯುತ್ತಿರುವಾಗ ಜವಾನರು ಮರಳಿನ ಚೀಲಗಳನ್ನೊಡ್ಡಿ ತಡೆದರು. ಬೆಳಗಾಗುವವರೆಗೆ ಅದು ನಿಂತದ್ದರಿಂದ ಎಷ್ಟೋ ಜೀವಗಳು ಉಳಿದವೆಂದು ಹಿರಿಯರು ಹೇಳುತ್ತಾರೆ. ಅಂಥ ರಾತ್ರಿ ನೀರು ಎಷ್ಟು ಅಡಿ ಏರಿತು ಎಂಬ ಅಂಕಿಯೂ ಬೇಕು, ಓಡಿರಿ ಎಂದು ಕೂಗುವ ಬಾಯಿಯೂ ಬೇಕು.

ಈ ರೇಡಿಯೋಗಳನ್ನು ಮಾಡುವ ಕೆಲಸದಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು, 1956ರಿಂದ ರೇಡಿಯೋ ತಯಾರಿಸಿತು. ಅದರ ಪುಣೆಯ ಘಟಕ 1979ರದು, ಆದರೆ ಅಲ್ಲಿಯ ಕೆಲಸ ಬೇರೆ ಬಗೆಯದು.

ರಾತ್ರಿ ಶಾಲೆಯ ಹುಡುಗರಿಗೆ ಒಂದು ಮಾತು. ಸೈನ್ಯದ ರೇಡಿಯೋ ನಮ್ಮ ಕೈಗೆ ಬರುವಂಥದ್ದಲ್ಲ. ಪರವಾನಗಿ ಬೇಕಾದ ಪ್ರೇಷಕವನ್ನು ಅದಿಲ್ಲದೆ ಇಟ್ಟುಕೊಂಡರೆ ಅಪರಾಧ. ಆದರೆ ಹವ್ಯಾಸಿ ರೇಡಿಯೋದ ಪರೀಕ್ಷೆಯನ್ನು ಕೇಂದ್ರ ಸರಕಾರ ನಡೆಸುತ್ತದೆ, 12 ವರ್ಷ ತುಂಬಿದವರು ಕೂಡಬಹುದು. ಪಾಸಾದವರು ಪರವಾನಗಿ ಪಡೆದು, ಕಂಪ್ಯೂಟರನ್ನೇ ಮೋಡೆಮ್ ಮಾಡಿಕೊಂಡು ಇದೇ ವಿದ್ಯೆಯನ್ನು ಕಲಿಯಬಹುದು. ಗೂಢಲಿಪಿ ಮಾತ್ರ ಅವರಿಗೆ ನಿಷಿದ್ಧ.

ಕನ್ನಡದಲ್ಲಿ ಕಳಿಸಬಹುದೇ ಎಂದು ಕೇಳಿದ್ದೀರಿ. ಊರಿಗೆ ತಾರು ಹೊಡೆಯಲು ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಿದ್ದೆವೆಂದು ಹಿರಿಯರು ಹೇಳುತ್ತಾರೆ. ಆ ತಾರೂ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಕನ್ನಡಕ್ಕೆ ಅಡ್ಡಿಯಿಲ್ಲ, ಆದರೆ ಬಾಡಿಗೆ ಹೆಚ್ಚು. ಸಾಮಾನ್ಯ ಬಳಕೆಯ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 8 ಸೊನ್ನೆ-ಒಂದುಗಳು, ಕನ್ನಡದ ಒಂದೊಂದು ಗುರುತಿಗೆ 24. 'ಪುಣೆ' ಎಂದು ಬರೆಯಲು ಪಕಾರ, ಕೊಂಬು, ಣಕಾರ, ಎತ್ವ, ಹೀಗೆ ನಾಲ್ಕು ಗುರುತುಗಳು, ಒಟ್ಟು 96. ಅತಿ ನಿಧಾನದ 75ರ ವೇಗದಲ್ಲೂ ಒಂದೂಕಾಲು ಸೆಕೆಂಡಿನಷ್ಟು ಹೊತ್ತು, ಅಷ್ಟೇ.

ಚಹಾ ಬಂದಿದೆ. ಪ್ರಶ್ನೆಗಳಿದ್ದವರು ಕೇಳಬಹುದು, ರಾತ್ರಿ ಪಾಳಿಗೆ ಹೋಗಬೇಕಾದ ಗಿರಣಿಯ ಬಂಧುಗಳು ಮೊದಲು ಕೇಳಲಿ.