ನಿಮಿಷದ ಮುಳ್ಳು ಮುಟ್ಟಬೇಕಿಲ್ಲ: ಕೆನಡಾದ ತುದಿಯ ಊರೊಂದರ ಇಂಗ್ಲಿಷ್

ಮೆಟ್ರೋದಲ್ಲಿ ನಿಂತ್ಕೊಂಡು, ಪಾತ್ರೆ ತೊಳೀತಾ, ಇಲ್ಲಾ ಆಫೀಸಲ್ಲಿ ಕೆಲಸ ಮಾಡ್ತಿರೋ ಹಾಗೆ ನಟಿಸ್ತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತು ಕೆನಡಾ ಬಗ್ಗೆ. ವೀಸಾ, ಪಿಆರ್, ಬೇಸ್‌ಮೆಂಟ್ ಬಾಡಿಗೆ ಯಾವುದೂ ಅಲ್ಲ, ಅದಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡೋದು ಅಲ್ಲಿನ ಊಟ ಮತ್ತು ಬಾಯಿಮಾತಿನ ಬಗ್ಗೆ. ಹೋದ ವರ್ಷ ಜೂನ್‌ನಲ್ಲಿ ಮೂರು ವಾರ ಅಲ್ಲಿದ್ದೆ. ನನ್ನ ದೊಡ್ಡಪ್ಪನ ಮಗಳು, ಗದಗಿನ ನಮ್ಮಕ್ಕ, ಅಲ್ಲಿದ್ದಾಳೆ. ಟಿಕೆಟ್ ದುಡ್ಡು ಎರಡು ವರ್ಷ ಕೂಡಿಟ್ಟಿದ್ದು, ಅದನ್ನ ಹೇಳದಿದ್ರೆ ಬಿ.ಕಾಂ ಓದಿದ್ದಕ್ಕೆ ಅವಮಾನ.

ಮೊದಲ ಪಾಠ ಟೊರೊಂಟೊದಲ್ಲಿ, ಟಿಮ್ ಹಾರ್ಟನ್ಸ್ ಕೌಂಟರ್‌ನಲ್ಲಿ. ನನ್ನ ಮುಂದಿದ್ದವರು ಒಬ್ಬರಾದ ಮೇಲೊಬ್ಬರು ‘ಡಬಲ್ ಡಬಲ್’ ಅಂತಿದ್ರು. ನಾನೂ ಎರಡು ಕಪ್ ಕಾಫಿ ಬರುತ್ತೆ ಅಂದ್ಕೊಂಡು ‘ಡಬಲ್ ಡಬಲ್’ ಅಂದೆ. ಬಂದಿದ್ದು ಒಂದೇ ಕಪ್ಪು. ಎರಡು ಪಾಲು ಕ್ರೀಮ್, ಎರಡು ಪಾಲು ಸಕ್ಕರೆ, ಅದೇ ಡಬಲ್ ಡಬಲ್. ಹ್ಯಾಮಿಲ್ಟನ್ ಅನ್ನೋ ಊರಲ್ಲಿ 1964ರಲ್ಲಿ ಶುರುವಾದ ಅಂಗಡಿಯ ಕೌಂಟರ್ ಮಾತು 2004ರಲ್ಲಿ ಕೆನಡಿಯನ್ ಆಕ್ಸ್‌ಫರ್ಡ್ ನಿಘಂಟಿನೊಳಗೆ ಹೋಗಿ ಕೂತಿದೆ. ನಮ್ಮ ‘ಬೈ ಟೂ’ಗೆ ಆ ಯೋಗ ಬಂದಿದೆಯೋ ಇಲ್ವೋ, ನೀವೇ ನೋಡಿ ಹೇಳಿ.

ಆಮೇಲೆ ಹಾಲು. ಕೆನಡಾದ ಪೂರ್ವ ಭಾಗದಲ್ಲಿ ಹಾಲು ಪ್ಯಾಕೆಟ್‌ನಲ್ಲಿ ಬರುತ್ತೆ! ನಾಲ್ಕು ಲೀಟರ್, ಒಂದು ದೊಡ್ಡ ಕವರ್ ಒಳಗೆ ಮೂರು ಚಿಕ್ಕ ಪ್ಯಾಕೆಟ್. ಜಗ್ಗಿನಲ್ಲಿ ಪ್ಯಾಕೆಟ್ ನಿಲ್ಲಿಸಿ, ಮೂಲೆ ಕತ್ತರಿಸಿ, ಹಾಗೇ ಬಗ್ಗಿಸೋದು. ಅಮೆರಿಕದವರಿಗೆ ಇದು ವಿಚಿತ್ರ ಅನ್ನಿಸುತ್ತಂತೆ. ನಂದಿನಿ ಪ್ಯಾಕೆಟ್ ಹಲ್ಲಲ್ಲೇ ಹರಿದು ಬೆಳೆದ ನನಗೆ ಊರಿಗೆ ಬಂದ ಹಾಗಾಯ್ತು.

ಕೆನಡಾದವರು ‘ಅಬೌಟ್’ ಅನ್ನೋದನ್ನ ‘ಅಬೂಟ್’ ಅಂತಾರೆ ಅನ್ನೋ ಅಮೆರಿಕನ್ ಜೋಕ್ ಕೇಳಿರ್ತೀರಿ. ಹಾಗೆ ಅನ್ನೋ ಒಬ್ಬರೂ ನನಗೆ ಸಿಗಲಿಲ್ಲ. ಅವರ ಆ ಸ್ವರ ಸ್ವಲ್ಪ ಮೇಲಿನಿಂದ ಶುರುವಾಗುತ್ತೆ, ಅಷ್ಟೇ. ಅದೂ ಎಲ್ಲಾ ಕಡೆ ಅಲ್ಲ. ‘ಹೌಸ್’, ‘ಔಟ್’ನಲ್ಲಿ ಇರುತ್ತೆ, ‘ಲೌಡ್’ನಲ್ಲಿ ಇರಲ್ಲ. ಜೆ. ಕೆ. ಚೇಂಬರ್ಸ್ ಅನ್ನೋ ಭಾಷಾತಜ್ಞರು 1973ರಲ್ಲೇ ಇದಕ್ಕೆ ‘ಕೆನಡಿಯನ್ ರೈಸಿಂಗ್’ ಅಂತ ಹೆಸರಿಟ್ಟಿದ್ದಾರೆ. ಅಣಕಿಸೋರ ಕಿವಿ ಅಷ್ಟು ಸೂಕ್ಷ್ಮ ಇರಲ್ಲ, ಬಿಡಿ.

ಮಾಂಟ್ರಿಯಲ್‌ಗೆ ಎರಡೇ ದಿನ. ಜೇನು ಬೆರೆಸಿದ ನೀರಲ್ಲಿ ಬೇಯಿಸಿ, ಸೌದೆ ಒಲೆಯಲ್ಲಿ ಸುಟ್ಟ ಬೇಗಲ್ ತಿಂದೆ. ಪೂಟೀನ್ ಕೂಡ ತಿಂದೆ: ಆಲೂಗಡ್ಡೆ ಫ್ರೈಸ್, ಮೇಲೆ ಬಿಸಿ ಗ್ರೇವಿ, ಮಧ್ಯೆ ಹಲ್ಲಿಗೆ ಸಿಕ್ಕಿದ್ರೆ ಕಿಚಕಿಚ ಅನ್ನೋ ಚೀಸ್ ಗಟ್ಟಿ. ಆ ಸದ್ದು ಬರದಿದ್ರೆ ಚೀಸ್ ತಾಜಾ ಅಲ್ಲ ಅಂತ ಲೆಕ್ಕ. ಮೂಲೆ ಅಂಗಡಿಗೆ ಅಲ್ಲಿ ಇಂಗ್ಲಿಷ್ ಮಾತಾಡೋರೂ ಫ್ರೆಂಚ್ ಹೆಸರಲ್ಲೇ ‘ಡೆಪ್’ ಅಂತಾರೆ. ಅದೇ ಸಸ್ಕಾಚೆವಾನ್‌ಗೆ ಹೋದ್ರೆ ಹೂಡಿಗೆ ‘ಬನಿಹಗ್’ ಅಂತಾರೆ, ಮೊಲದ ಅಪ್ಪುಗೆ. ಒಂದೇ ದೇಶ!

ಈಗ ಅಕ್ಕನ ಊರಿಗೆ ಬರ್ತೀನಿ. ಸೇಂಟ್ ಜಾನ್ಸ್, ನ್ಯೂಫೌಂಡ್‌ಲ್ಯಾಂಡ್. ಅಟ್ಲಾಂಟಿಕ್ ಒಳಗೆ ಚಾಚಿರೋ ದ್ವೀಪ, ಟೊರೊಂಟೊದಿಂದ ವಿಮಾನದಲ್ಲಿ ಮೂರು ಗಂಟೆ. 1949ರವರೆಗೆ ಇದು ಕೆನಡಾಕ್ಕೆ ಸೇರಿರಲೇ ಇಲ್ಲ. ಅವರ ಟೈಮೂ ಬೇರೆ. ಪಕ್ಕದ ಪ್ರಾಂತ್ಯಗಳಿಗಿಂತ ಅರ್ಧ ಗಂಟೆ ಮುಂದೆ. ನಮ್ಮದೂ ಐದೂವರೆ ಗಂಟೆಯ ಲೆಕ್ಕ ತಾನೆ? ಹಾಗಾಗಿ ಭಾರತಕ್ಕೂ ಅವರಿಗೂ ಚಳಿಗಾಲದಲ್ಲಿ ಸರಿಯಾಗಿ ಒಂಬತ್ತು ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಎಂಟು. ವಾಚ್‌ನಲ್ಲಿ ನಿಮಿಷದ ಮುಳ್ಳು ಮುಟ್ಟೋದೇ ಬೇಕಿಲ್ಲ. ದೊಡ್ಡಮ್ಮ ಫೋನ್ ಮಾಡೋಕೆ ಮುಂಚೆ ಬೆರಳಲ್ಲಿ ಎಣಿಸಿದ್ರೆ ಸಾಕು.

ವಿಮಾನ ಇಳಿದು ಫೋನ್ ಆನ್ ಮಾಡಿದ ತಕ್ಷಣ ಅಕ್ಕನ ಕರೆ. ಅವಳು ಕೇಳಿದ್ದು, ‘ವೇರ್ ಯಾ ಟೂ, ಬೈ?’ ನಾನು ಎಲ್ಲಿಗೆ ಹೊರಟೆ ಅಂತ ಕೇಳ್ತಿದ್ದಾಳೆ ಅಂದ್ಕೊಂಡು ‘ನಿಮ್ಮನೆಗೇ’ ಅಂದೆ. ನಕ್ಕಳು. ಅಲ್ಲಿ ಅದರರ್ಥ ‘ಎಲ್ಲದೀಯೋ?’ ಅಂತ. ‘ಬೈ’ ಅಂದ್ರೆ ‘ಬಾಯ್’, ಹುಡುಗ. ಆದ್ರೆ ಗಂಡಸು, ಹೆಂಗಸು, ಮುದುಕರು ಎಲ್ಲರಿಗೂ ನಡೆಯುತ್ತೆ, ಮಂಗಳೂರು ಕಡೆಯ ‘ಮಾರಾಯ’ ಥರ. ‘ಯೆಸ್ ಬೈ’ ಅನ್ನೋ ಎರಡೇ ಪದಕ್ಕೆ ದನಿ ಬದಲಿಸಿದ್ರೆ ‘ಹೌದು’, ‘ಹೌದಾ!’, ‘ಹೋಗಲೇ, ಸುಳ್ಳು’ ಮೂರೂ ಅರ್ಥ ಬರುತ್ತೆ.

ಐರ್ಲೆಂಡ್ ಮತ್ತು ನೈಋತ್ಯ ಇಂಗ್ಲೆಂಡಿನ ಮೀನುಗಾರರು ಬಂದು ನೆಲೆಸಿದ ದ್ವೀಪ ಅದು. ಸಣ್ಣ ಸಣ್ಣ ಕಡಲ ಊರುಗಳಲ್ಲಿ ಹೊರಗಿನವರ ಸಂಪರ್ಕವಿಲ್ಲದೆ ಆ ಮಾತು ಉಳ್ಕೊಂಡುಬಿಟ್ಟಿದೆ. ನಮಗೆ ಸ್ಕೂಲಲ್ಲಿ ಬೆತ್ತದ ಏಟು ಕೊಟ್ಟು ಬಿಡಿಸಿದ ‘ಐ ಲವ್ಸ್’, ‘ವೀ ನೋಸ್’ ಅಲ್ಲಿ ದಿನಬಳಕೆಯ ಮಾತು. ‘ಐಮ್ ಆಫ್ಟರ್ ಈಟಿಂಗ್’ ಅಂದ್ರೆ ಊಟದ ಹಿಂದೆ ಬಿದ್ದಿದೀನಿ ಅಂತಲ್ಲ, ಈಗಷ್ಟೇ ಉಂಡೆ ಅಂತ. ಇವನ್ನೆಲ್ಲ ಕೂಡಿಸಿ 1982ರಲ್ಲಿ ‘ಡಿಕ್ಷನರಿ ಆಫ್ ನ್ಯೂಫೌಂಡ್‌ಲ್ಯಾಂಡ್ ಇಂಗ್ಲಿಷ್’ ಅಂತ ದಪ್ಪನೆಯ ನಿಘಂಟೇ ತಂದಿದ್ದಾರೆ. ತಿಳಿ ಮಂಜು ಕವಿದು ಮೈಯೆಲ್ಲ ಹಸಿ ಅನ್ನಿಸೋ ಹವೆಗೆ ‘ಮಾಝಿ’ ಅನ್ನೋ ಪದ ಇದೆ. ಕೆನಡಾದ ಪೂರ್ವ ತುದಿ ಕೇಪ್ ಸ್ಪಿಯರ್‌ಗೆ ನಾವು ಹೋದ ದಿನ ಅದೇ ಹವೆ. ಸಮುದ್ರದ ಸದ್ದು ಕೇಳ್ತಿತ್ತು, ಸಮುದ್ರ ಕಾಣಲಿಲ್ಲ. ಅಕ್ಕ ಆರಾಮಾಗಿ ‘ಆರ್‌ಡಿಎಫ್’ ಅಂದಳು. ರೈನ್, ಡ್ರಿಜಲ್, ಫಾಗ್.

ಅಕ್ಕನ ಮನೆ ಮೇಲುಗಡೆ, ಕೆಳಗೆ ಓನರ್ ಅಜ್ಜಿ. ಬೆಳಗ್ಗೆ ನನಗೆ ‘ಟೌಟನ್’ ಮಾಡಿಕೊಟ್ಟರು. ಉಬ್ಬಿದ ಬ್ರೆಡ್ ಹಿಟ್ಟನ್ನ ತಟ್ಟಿ ಕರಿದು, ಮೇಲೆ ಕಾಕಂಬಿ ಸುರಿಯೋದು. ಹಂದಿ ಕೊಬ್ಬಿನಲ್ಲಿ ಕರಿಯೋದು ಅಲ್ಲಿನ ರೂಢಿ. ಅಕ್ಕನಿಗಾಗಿ ಅಜ್ಜಿ ಬೆಣ್ಣೆಗೆ ಬದಲಾಯಿಸಿಕೊಂಡಿದ್ದಾರೆ. ಕಹಿ ಬೆರೆತ ಜೋನಿಬೆಲ್ಲದ ರುಚಿ. ಮೂರು ತಿಂದೆ. ‘ಹ್ಯಾವ್ ಅನದರ್, ಮೈ ಲವ್’ ಅಂತ ಅಜ್ಜಿ ಇನ್ನೊಂದು ಹಾಕಿದ್ರು. ಅಲ್ಲಿ ಅಂಗಡಿಯವರೂ, ಬಸ್ ಡ್ರೈವರೂ ಹೀಗೇ, ‘ಮೈ ಲವ್’, ‘ಮೈ ಡಕಿ’. ಮೊದಲ ವಾರ ಅಕ್ಕನಿಗೆ ಗಾಬರಿ ಆಗಿತ್ತಂತೆ. ಆಮೇಲೆ ಹೊಳೀತಂತೆ, ಗದಗ ಸಂತೆಯಲ್ಲಿ ಕಾಯಿಪಲ್ಲೆ ಮಾರೋ ಅಮ್ಮ ‘ಬಾರಬೇ ಯವ್ವಾ’ ಅಂದ ಹಾಗೇ ಇದು.

ಅಲ್ಲಿ ‘ಫಿಶ್’ ಅಂದ್ರೆ ಕಾಡ್ ಮೀನು ಮಾತ್ರ. ಮಿಕ್ಕವಕ್ಕೆಲ್ಲ ಅವುಗಳದ್ದೇ ಹೆಸರು. ಐನೂರು ವರ್ಷ ಆ ಒಂದು ಮೀನಿನ ಮೇಲೆ ದ್ವೀಪ ನಿಂತಿತ್ತು. ದೊಡ್ಡ ಟ್ರಾಲರ್‌ಗಳು ಬಂದು ಬಾಚಿ ಬಾಚಿ, ಕಡೆಗೆ 1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯೋದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯ್ತು. ಎರಡು ವರ್ಷಕ್ಕೆ ಅಂತ ಹೇಳಿದ ಆ ತಡೆ ತೆಗೆದಿದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟೋ ಊರು ಅರ್ಧ ಖಾಲಿ. ಹುಡುಗರು ಆಲ್ಬರ್ಟಾದ ಎಣ್ಣೆ ಗಣಿಗಳಿಗೆ ಹೋದ್ರು.

ಅಜ್ಜಿಯ ಮಗಳೂ ಹೋಗಿದ್ದಾಳೆ. ಅಜ್ಜಿ ಹೇಳಿದ ಒಂದು ವಿಷಯ ನನ್ನ ತಲೆಯಿಂದ ಹೋಗಿಲ್ಲ. ಮಗಳು ಫೋನ್‌ನಲ್ಲಿ ಮಾತಾಡುವಾಗ, ಹಿಂದೆ ಯಾರಾದ್ರೂ ಸಹೋದ್ಯೋಗಿಗಳು ಇದ್ದಾರಾ ಇಲ್ವಾ ಅಂತ ಇವರಿಗೆ ಮೊದಲ ಮಾತಲ್ಲೇ ಗೊತ್ತಾಗುತ್ತಂತೆ. ಇದ್ರೆ ‘ಟೊರೊಂಟೊ ಇಂಗ್ಲಿಷ್’, ಇಲ್ಲಾಂದ್ರೆ ಮನೆ ಇಂಗ್ಲಿಷ್. ಕಾರಣ ಇದೆ. ‘ನ್ಯೂಫಿ ಜೋಕ್ಸ್’ ಅಂತಾನೇ ಕೆನಡಾದಲ್ಲಿ ಒಂದು ಜಾತಿಯ ಜೋಕ್‌ಗಳಿವೆ, ಈ ಜನ ಪೆದ್ದರು ಅಂತ ಹೇಳೋಕೆ. ನೀವು ಅಲ್ಲಿಗೆ ಹೋದ್ರೆ ಆ ಪದ ಬಳಸಬೇಡಿ. ಕೆಲವರು ತಮ್ಮನ್ನ ತಾವು ಹಾಗೆ ಕರ್ಕೋತಾರೆ, ಅದು ಅವರ ಹಕ್ಕು, ನಮ್ಮದಲ್ಲ.

ಅಜ್ಜಿ ಅದನ್ನ ಹೇಳ್ತಿದ್ದಾಗ ಅಕ್ಕ ಸಿಂಕ್ ಕಡೆ ತಿರುಗಿ ತಟ್ಟೆ ತೊಳೀತಿದ್ದಳು. ಅವಳು ಬೆಂಗಳೂರಲ್ಲಿ ಮೂರು ವರ್ಷ ಒಂದು ಆಫೀಸಲ್ಲಿದ್ದಳು. ಅವಳು ‘ಹೌದ್ರಿ’ ಅಂದ್ರೆ ಟೀಮ್ ಪೂರ್ತಿ ‘ಹೌದ್ರಿ’ ಅಂತಿತ್ತು. ಪ್ರೀತಿಗೇ ಇರಬಹುದು. ಆದ್ರೆ ಅವಳು ಮೀಟಿಂಗ್‌ನಲ್ಲಿ ಬಾಯಿ ಬಿಡೋದನ್ನೇ ನಿಲ್ಲಿಸಿದ್ದಳು. ಪ್ರಮೋಷನ್ ಬೇರೆಯವರಿಗೆ ಹೋಯ್ತು, ‘ಕಮ್ಯುನಿಕೇಷನ್ ಸಾಲದು’ ಅಂದ್ರು. ಆಗ ನಾನೂ ಅವಳನ್ನ ಅಣಕಿಸಿದ್ದೀನಿ. ರಾಣೆಬೆನ್ನೂರಿನವನು ನಾನು, ಬೆಂಗಳೂರಿಗೆ ಬಂದು ಆರು ತಿಂಗಳಿಗೆ ಬಾಯಿ ಬದಲಿಸಿದವನು. ಈ ಪಾಡ್‌ಕಾಸ್ಟಿನ ಕನ್ನಡ ನಮ್ಮನೆ ಕನ್ನಡ ಅಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಮೊದಲೇ ಗೊತ್ತಾಗಿರುತ್ತೆ.

ಅವತ್ತು ರಾತ್ರಿ ಅಕ್ಕ ಹೇಳಿದಳು: ‘ಇಲ್ಲಿ ನನ್ನ ಇಂಗ್ಲಿಷ್ ಕೇಳಿ ಯಾರೂ ನಗಲಿಲ್ಲಲೇ ತಮ್ಮಾ. ಅವರು ಅಂದದ್ದು ನನಗ ತಿಳೀವಲ್ದು, ನಾ ಅಂದದ್ದು ಅವರಿಗೆ ತಿಳೀವಲ್ದು. ಇಬ್ಬರೂ ಸಮ.’ ಹೊರಗಿನಿಂದ ಬಂದವರಿಗೆ ಅಲ್ಲಿ ‘ಕಮ್ ಫ್ರಮ್ ಅವೇ’ ಅಂತಾರೆ. ನಲವತ್ತು ವರ್ಷ ಇದ್ರೂ ನೀವು ಅದೇ. ಅದರಲ್ಲೂ ಒಂದು ಆರಾಮ ಇದೆ ಅಂತಾಳೆ ಅಕ್ಕ, ಯಾರ ಹಾಗೂ ಆಗಬೇಕಿಲ್ವಲ್ಲ.

ಕಾಂಟ್ರಾಕ್ಟ್ ಮುಗೀತು, ಆ ಊರಲ್ಲಿ ಬೇರೆ ಕೆಲಸ ಸಿಗಲಿಲ್ಲ. ಜನವರಿಯಲ್ಲಿ ಅಕ್ಕನೂ ಟೊರೊಂಟೊಗೆ ಹೋದಳು. ಈಗ ನಮ್ಮಿಬ್ಬರ ನಡುವೆ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ದೊಡ್ಡಮ್ಮನ ಬೆರಳೆಣಿಕೆ ತಪ್ಪುತ್ತೆ. ಮೊನ್ನೆ ವಾಯ್ಸ್ ನೋಟ್ ಕಳಿಸಿದ್ದಳು. ಹೊಸ ಆಫೀಸಲ್ಲಿ ಲೇಟಾಗಿ ಬರ್ತಿದ್ದ ಸಹೋದ್ಯೋಗಿಗೆ ಫೋನ್ ಮಾಡಿ, ಬಾಯಿತಪ್ಪಿ ‘ವೇರ್ ಯಾ ಟೂ, ಬೈ?’ ಅಂದಳಂತೆ. ಪಕ್ಕದ ಟೇಬಲ್‌ನ ಇಬ್ಬರು ತಿರುಗಿ ನೋಡಿದ್ರಂತೆ.

‘ಆಮ್ಯಾಲೆ?’ ಅಂತ ಕೇಳಿದೆ.

‘ಆಮ್ಯಾಲೇನು, ಅಂವಗ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಅಂದೆ.’